ನವಸಾಗರ

ಮೊದಲ ಸ್ವಿಚ್ ತಗಿ. ಪ್ಲಗ್ಗೂ ತಗಿ.
ಆಮ್ಯಾಲ ಕಟ್ಟಿಗೆ ಕುಂತು ಒಂದು ಚಾ ಕುಡದು ಬಾ,
ಅಷ್ಟು ಹೊತ್ತು ಬೇಕು ಈ ಬಲ್ಬು ಆರಾಕ.
ಇನ್ನೂರೈವತ್ತು ವ್ಯಾಟಿಂದು, ಬೆಟಗೇರಿ ಬಿಸಲಿದ್ದಂಗ,
ಮುಳುಗಿದ ಮ್ಯಾಲೂ ಗ್ವಾಡ್ಯಾಗ ಕಾವು ಹಿಡಕೊಂಡಿರತೈತಿ.

ಗಾಜು ಸರಿಸು. ಈ ಗಾಜಿಲ್ಲದ ದೀಪ ಹಚ್ಚಬ್ಯಾಡ,
ಹವಳ ಸುಡತೈತಿ, ನಿನ್ನ ಕಣ್ಣೂ.
ಬೆಳ್ಳಗ ಕಟ್ಟೇತಲ್ಲ, ಅದು ಧೂಳಲ್ಲ, ಉಪ್ಪು.
ಕಾರವಾರ ನೋಡದ ಉಪ್ಪು, ಡಬ್ಬ್ಯಾಗ ಬಂದದ್ದು.
ಸೋಸಿದ ನೀರಿಗೆ ಅಳದು ಹಾಕಿ
ಅಂದಾನೆಪ್ಪ ಸಾಹುಕಾರರ ಪ್ರೆಸ್ಸಿನ ಆಫೀಸಿನ್ಯಾಗ
ನಾವಽ ಕಲಿಸಿದ ಸಮುದ್ರ.
ಗುಳ್ಳಿ ಒಡದಾಗೊಮ್ಮೆ ಒಂದು ಕಣ ಹಾರತೈತಿ,
ರಿಫ್ಲೆಕ್ಟರಿಗೆ ಹೋಗಿ ಕುಂದರತೈತಿ. ಒಂದಽ ಕಣ.
ದೀಪಾವಳಿಗೆ ತೊಳದಿದ್ದು ಯುಗಾದಿಗೆ ನೋಡು,
ಕಣ್ಣಿಗೆ ಬಂದಂಗ ಪೊರಿ ಬಂದಿರತೈತಿ.

ಬೂದಿ ಬ್ಯಾಡ. ಹುಣಸಿಹಣ್ಣು ಬ್ಯಾಡ.
ತಿಕ್ಕೂ ನಾರಂತೂ ಕೈಯಾಗ ಹಿಡೀಲೇಬ್ಯಾಡ.
ಬಿಳೇ ವಿನಿಗರಿಗೆ ಅರ್ಧ ನೀರು,
ಹಳೇ ಮಲ್ಲಿನ ಧೋತರದ ತುಂಡು,
ಕೂಸಿನ ಕಿವಿ ಒರಸಿದಂಗ ಒರಸು.
ಆ ಸಣ್ಣ ಸಣ್ಣ ತಗ್ಗು ಪೆಟ್ಟು ಬಿದ್ದದ್ದಲ್ಲ,
ಬೆಳಕು ಒಂದಽ ಕಡೆ ಬೀಳಬಾರದಂತ ಮಾಡಿದ್ದು.
ಮೊದಲ ದಿನ ನಾನೂ ಬಡದು ಸಪಾಟು ಮಾಡಾಕ ಹೋಗಿದ್ದೆ.
ಕಲಾಯಗಾರನ ಮಗನ ಕೈ, ಸುಮ್ಮನಿರತೈತೇನು?

ನಮ್ಮಪ್ಪ ದಾವಲಸಾಬ
ತಿದಿ ಒತ್ತಿ, ಹಿತ್ತಾಳಿ ಕೆಂಪಗ ಕಾಸಿ
ಚಿಟಿಕಿ ನವಸಾಗರ ಎರಚಿದರ
ಭುಗ್ ಅಂತ ಬಿಳೇ ಹೊಗಿ ಎದ್ದು
ತವರ ಓಡಾಡತಿತ್ತು ಪಾತ್ರಿ ತುಂಬ.
ಅದು ಯಾವ ಸಾಗರಪ್ಪಾ ಅಂತ ಕೇಳಿದ್ದೆ.
ಮೂಗು ಸುಡೂ ಸಾಗರ ಅಂದಿದ್ದ.
ಆ ಹೊಗ್ಯಾಗಿನ ಅಮೋನಿಯಾನಽ ಈ ಪೆಟ್ಟಿಗಿಗೆ ವಿಷ.
ವಾರಕ್ಕೊಮ್ಮೆ ಹನಿ ಹಾಕಿ ಬಣ್ಣ ನೋಡತೀನಿ,
ಹಳದಿ ಬಂದ್ರ ಆ ರಾತ್ರಿ ನಿದ್ದಿ.

ಒಂದು ಅಮಾಸಿ, ಮಷಿನ್ನಿಗೆಲ್ಲ ಪೂಜಿ ನಡದಿತ್ತು.
ನನಗೂ ಹುರುಪು. ಹತ್ತು ತಿಂಗಳ ಪೊರಿ
ಒಂದಽ ಮಧ್ಯಾಹ್ನ ತಗದೆ, ಹೊಸ ಬಲ್ಬೂ ಹಾಕಿದೆ.
ರಿಫ್ಲೆಕ್ಟರಿನ್ಯಾಗ ನನ್ನ ಮೂಗಿನ ಬೆವರು ಕಂಡಿತು.
ಭೇಷ್ ಅಂದ್ರು ಸಾಹುಕಾರರು, ಫಳಾರ ಕೊಟ್ರು.
ಐದನೇ ದಿನಕ್ಕ ಆ ನೀಲಿ ತುದಿಯ ಹವಳ
ಸುಣ್ಣದ ಕಡ್ಡಿ.

ಕತ್ತಲಿಂದ ಸತ್ತದ್ದಲ್ಲ ತಮ್ಮಾ.
ದಿನಾ ಒಂದೊಂದು ಕಣ ಮಬ್ಬಿಗೆ ಒಗ್ಗಿಕೊಂಡಿತ್ತು,
ನಾ ಒಮ್ಮೆಲೇ ತೊಳದು ಕೊಟ್ಟೆ.
ಅಪ್ಪಗ ಹೇಳಿದೆ. ಬೀಡಿ ಕಚ್ಚಿಕೊಂಡಽ ಅಂದ:
ಕಲಾಯಿ ಹಾಕಿದ ದಿನಽ ಸಾರು ಕುದಸತಾರೇನಲೇ?
ಮೊದಲ ನೀರು ಕಾಸತಾರ.
ಅದಕ್ಕಽ ಈಗ ಸರಪಳಿ ನಾಕು ಕೊಂಡಿ ಏರಸತೀನಿ,
ವಾರಕ್ಕ ಒಂದು ಇಳಸತೀನಿ.

ಏ, ಬರೇ ಬೆರಳು! ತಗಿ, ತಗಿ!
ಚರ್ಮದ ಜಿಡ್ಡು ತಾಗಿದಲ್ಲೇ ಗಾಜು ಸುಟಗೊಂತೈತಿ.
ಈ ಡಬ್ಬ್ಯಾಗಿನ ಹಳೇದು ನೋಡು, ನಡುವ ಕಂದು ಸುಳಿ.
ಅಪ್ಪ ಒಂದಽ ಸರ್ತಿ ಬಂದಿದ್ದ ಇಲ್ಲಿ,
ತವರ ಹತ್ತೇತೋ ಇಲ್ಲೋ ನೋಡಿದಂಗ
ಬಲ್ಬು ತಿಕ್ಕಿ ನೋಡಿದ. ಹೆಬ್ಬೆಟ್ಟಿನ ಮನಶ್ಯಾ.
ಇಷ್ಟು ದೊಡ್ಡ ಪ್ರೆಸ್ಸು,
ಪಂಚಾಂಗ, ಲಗ್ನಪತ್ರ, ಶಾಲಿ ಪುಸ್ತಕ,
ಅವನದು ಅಚ್ಚಾದದ್ದು ಇದೊಂದಽ.

ಈ ಬಲ್ಬು ಇನ್ನ ಬರೂದಿಲ್ಲಂತ. ಎಲ್ಲಾ ಎಲ್‌ಇಡಿ.
ಎರಡು ಉಳದಾವು. ಅರಿವ್ಯಾಗ ಹಿಡದು ಹಾಕು.
ಗುಂಯ್ ಅಂತೈತಿ, ಗಡಿಬಿಡಿ ಮಾಡಬ್ಯಾಡ,
ಮೈ ತುಂಬಾಕ ಹೊತ್ತು ಹಿಡೀತೈತಿ.
ಕರೆಂಟ್ ಹೋಗಿ ಬಂದ್ರೂ ಕೂಡಲೇ ಹತ್ತೂದಿಲ್ಲ,
ಬಿಸಿ ಇದ್ದಾಗ ಯಾರ ಮಾತೂ ಕೇಳೂದಿಲ್ಲ.
ಸಾಹುಕಾರರು ಟಕ್ ಟಕ್ ಸ್ವಿಚ್ ಒತ್ತತಾರ. ಒತ್ತಲಿ.
ಕರೆಂಟಿಲ್ಲದಾಗ ಪಂಪೂ ನಿಂತಿರತೈತಿ,
ಅಚ್ಚಿನ ಮಷಿನ್ನೂ.
ಗುಳ್ಳಿ ಒಡಿಯೂದಿಲ್ಲ. ಉಪ್ಪು ಹಾರೂದಿಲ್ಲ.